ವಿಭೂತಿ ಹಚ್ಚಿಸಿಕೊಂಡ ಗುಮ್ಮಟ

ಔರಂಗಾಬಾದಿನ ಕಣ್ಣಿನ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು: ಹೊಗೆ ಬಿಡಿ, ಇಲ್ಲವೇ ಕಣ್ಣಿನ ಆಸೆ ಬಿಡಿ. ಹೊಗೆಯನ್ನು ನಾನೇನು ಕಟ್ಟಿಕೊಂಡು ಕೂತಿದ್ದೆನೇ? ನಮ್ಮ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಸೀಮೆಎಣ್ಣೆ ಸ್ಟೋವಿನ ರೊಟ್ಟಿ ಅತ್ತೆಯವರ ಬಾಯಿಗೆ ಸೇರುತ್ತಿರಲಿಲ್ಲ. ಹಸಿ ಜಾಲಿ ಕಟ್ಟಿಗೆ ಊದಿ ಊದಿ ನನ್ನ ಎಡಗಣ್ಣು ಮಂಜಾಗಿತ್ತು, ಬಲಗಣ್ಣು ಅದರ ಹಾದಿ ಹಿಡಿದಿತ್ತು. ಅತ್ತೆ ನಾಗಮ್ಮನವರ ಎರಡೂ ಕಣ್ಣು ಇದೇ ಒಲೆಯ ಮುಂದೆ ಹೋಗಿ ಎಂಟು ವರ್ಷವಾಗಿತ್ತು. ಅವರು ಗೋಡೆ ತಡವಿಕೊಂಡು ತಿರುಗಾಡುತ್ತಿದ್ದರು. ನನಗೆ ಮೂವತ್ತೈದು. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ?

ಅರವತ್ತಾರನೇ ಇಸವಿ ಅದು. ನನ್ನ ಗಂಡ ವಿಶ್ವನಾಥಪ್ಪ ಔರಂಗಾಬಾದಿನಲ್ಲೇ ನೀರಾವರಿ ಇಲಾಖೆಯಲ್ಲಿ ಗುಮಾಸ್ತರು. ಆಫೀಸಿನ ಕೆಲಸಕ್ಕೆ ನಾಸಿಕಕ್ಕೆ ಹೋದವರು, ಪಕ್ಕದ ದೇವಳಾಲಿಯಲ್ಲಿ ಇಂಗ್ಲಿಷ್ ಸಾಹೇಬರ ಹಳೆಯ ಬಂಗಲೆ ಕೆಡವುವ ಕಡೆಯಿಂದ ಒಂದು ಕರಿ ಗುಡಾಣದಂಥದ್ದನ್ನು ಹೊತ್ತು ತಂದರು. ಬಸ್ಸಿನ ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದನಂತೆ. ದಾರಿಯ ನಡುವಿನ ವೈಜಾಪುರದವರೆಗೆ ಅದನ್ನು ಸೀಟಿನ ಮೇಲೆ ಕೂರಿಸಿ ತಾವು ನಿಂತು ಬಂದರಂತೆ, ಪುಣ್ಯಾತ್ಮರು.

“ಏನ್ರಿ ಇದು? ಆನಿ ಟೊಪ್ಪಿಗಿ ತಂದೀರೇನು?”

“ಸಾಹೇಬರ ಒಲಿ ಮ್ಯಾಲಿನ ಗುಮ್ಮಟ, ರುಕ್ಮಿ. ಹೊಗಿ ಎಲ್ಲಾ ಹೀರಿ ಹೊರಗ ಒಗಿತದ. ನಿನ್ನ ಕಣ್ಣಿಗಂತ ತಂದೀನಿ.”

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಈ ಮನುಷ್ಯ ನನಗೆಂದೇ ತಂದ ಮೊದಲ ವಸ್ತು ಅದು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಅಳು ಬಂತು.

ಆಮೇಲೆ ನಡೆದದ್ದು ನೋಡಿ. ಒಳಗಿದ್ದ ಗುಬ್ಬಿ ಗೂಡು ತೆಗೆದು, ಬೆರಳು ದಪ್ಪದ ಜಿಡ್ಡನ್ನು ಖುರಪಿಯಿಂದ ಕೆರೆದೆವು. ತಗ್ಗು ಬಿದ್ದ ಕಡೆ ಒಳಗಿನಿಂದ ಮರದ ಕೊಡತಿಯಲ್ಲಿ ಬಡಿದು ಎಬ್ಬಿಸಿದೆವು. ಬಿರುಕಿಗೆ ಕಲಾಯಿಯವನು ಬೆಸುಗೆ ಹಾಕಿದ. ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ನಾಲ್ಕು ದಿನ ತಿಕ್ಕಿದ ಮೇಲೆ ಕೆಂಪು ತಾಮ್ರ ಹೊರಬಿತ್ತು. ಇವರಂತೂ “ಮನೆಯಲ್ಲಿ ಕಾರ್ಯ” ಎಂದು ಬರೆದು ರಜೆಯನ್ನೇ ಹಾಕಿಬಿಟ್ಟರು. ಭಾನುವಾರ ಛಾವಣಿಯ ತಗಡು ಕೊರೆದು ಗುಮ್ಮಟದ ತುದಿಯ ಕೊಳವೆ ಹೊರಗೆ ಬಿಟ್ಟರು, ತೊಲೆಗೆ ಸರಪಳಿ ಹಾಕಿ ಗುಮ್ಮಟವನ್ನು ಒಲೆಯ ಮೇಲೆ ತೂಗುಬಿಟ್ಟರು. ನಾನು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡೆ.

“ನಿಂದ್ರ ನಿಂದ್ರ! ಹೊಸ ಸಾಮಾನಿಗಿ ಈಬತ್ತಿ ಹಚ್ಚದ ಬೆಂಕಿ ತೋರಸ್ತೀಯೇನು?” ಎಂದರು ಅತ್ತೆ.

ನಮ್ಮಲ್ಲಿ ಅದು ರೂಢಿ. ಸೈಕಲ್ಲಿಗೆ, ಹೊಲಿಗೆ ಯಂತ್ರಕ್ಕೆ, ಗೋಡೆ ಗಡಿಯಾರಕ್ಕೆ, ಎಲ್ಲಕ್ಕೂ ಮೊದಲು ವಿಭೂತಿ. ಅತ್ತೆ ತಾಮ್ರವನ್ನು ತಡವಿ, ದುಂಡಗಿದ್ದ ಕಡೆ ಮೂರು ಬೆರಳಿನಿಂದ ಅಗಲವಾಗಿ ಪಟ್ಟೆ ಎಳೆದು ಹಿಂದೆ ಸರಿದರು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು. ಸಾಕ್ಷಾತ್ ಲಿಂಗ! ಇವರ ಕೈ ತಾನಾಗಿ ಮುಗಿಯಿತು.

“ಈಗ ಇದರ ಕೆಳಗ ಒಲಿ ಹ್ಯಾಂಗ ಹಚ್ಚೋದು?” ಎಂದರು ಇವರು.

“ಕಡ್ಡಿ ಕೊರದು ಹಚ್ಚೋದು. ಮತ್ತ ಹ್ಯಾಂಗ?”

“ದೇವರ ಮಾರಿಗಿ ಹೊಗಿ ಹಾಕ್ತೀಯೇನು?” ಅತ್ತೆ ಗದರಿದರು.

“ನನ್ನ ಮಾರಿಗಿ ಹಾಕಬಹುದೇನ್ರಿ? ಅಳಿಸಿ ಬಿಡ್ರಿ ಅದನ್ನ.”

“ಹಚ್ಚಿದ ಈಬತ್ತಿ ಅಳಸ್ತಾರೇನು? ಏನು ಕಲಿತು ಬಂದೀಯವ್ವಾ ತವರಿನಾಗ!”

ಮುಗಿಯಿತು. ನನ್ನ ಮಣ್ಣಿನ ಒಲೆ ಬಾಗಿಲ ಮೂಲೆಗೆ ಸರಿಯಿತು. ಹೊಗೆ ಇದ್ದ ಕಡೆ ಗುಮ್ಮಟವಿಲ್ಲ, ಗುಮ್ಮಟವಿದ್ದ ಕಡೆ ಹೊಗೆಯಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವರು ಅವರು, ಉಂಡವಳು ನಾನು.

ಸೋಮವಾರ ಓಣಿಯ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಮುಂದಿನ ಸೋಮವಾರ ಅವರ ನೆಂಟರೂ ಬಂದರು. ದೌಲತಾಬಾದ್ ಕೋಟೆ ನೋಡಲೆಂದು ಬೀದರಿನಿಂದ ಬಂದವರು ಕೋಟೆ ಬಿಟ್ಟು ನಮ್ಮ ಅಡುಗೆಮನೆ ನೋಡಿ ಹೋದರು. ಒಬ್ಬ ಮರಾಠಿ ಮುದುಕಿ, ಇದು ಯಾವ ಕಾಲದ್ದು ಎಂದು ಕೇಳಿದಳು. “ಫಾರ್ ಜುನಾ,” ಬಹಳ ಹಳೆಯದು, ಎಂದರು ಇವರು ಭಕ್ತಿಯಿಂದ. ಅದೇನೋ ನಿಜವೇ. ಗಂಟೆಯನ್ನೂ ಕಟ್ಟಿದರು. ಬಂದವರಿಗೆಲ್ಲ ಪ್ರಸಾದ ಬೇಯಿಸುವವಳು ನಾನು, ಮೊದಲಿಗಿಂತ ಇಮ್ಮಡಿ ಹೊಗೆಯಲ್ಲಿ.

ಐದನೇ ಸೋಮವಾರ ಮೂವತ್ತು ಜನ. ರೊಟ್ಟಿ ತಟ್ಟಿ ಹಂಚಿನ ಮೇಲೆ ಹಾಕಿದೆ ಎಂದುಕೊಂಡೆ. ಚುರ್ ಎನ್ನಲಿಲ್ಲ. ಬಗ್ಗಿ ಮುಟ್ಟಿ ನೋಡಿದರೆ ರೊಟ್ಟಿ ಹಂಚಿನ ಪಕ್ಕದ ಬೂದಿಯಲ್ಲಿ ಬಿದ್ದಿತ್ತು. ಹಂಚು ನನಗೆ ಕಂಡಿರಲೇ ಇಲ್ಲ. ಆಗ ಸಿಟ್ಟು ಬಂತು ನೋಡಿ, ಅಂಥ ಸಿಟ್ಟು ನನಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ.

ಬೆಂಕಿ ಹಿರಿದು, ಬಿಸಿ ಒಲೆಯನ್ನು ಗೋಣಿಚೀಲದಲ್ಲಿ ಹಿಡಿದೆತ್ತಿದೆ. ತೆಂಗಿನಕಾಯಿಗಳನ್ನು ಕಾಲಿನಿಂದ ಸರಿಸಿ ಗುಮ್ಮಟದ ಕೆಳಗೆ ಇಟ್ಟೆ. ಇದ್ದುದರಲ್ಲೇ ಹಸಿಯಾದ ಕಟ್ಟಿಗೆ ತುರುಕಿ ಹಚ್ಚಿದೆ. ಹೆಂಗಸರು “ಅಗ ಬಾಯಿ!” ಎಂದು ಚೀರಿದರು.

“ರುಕ್ಮಿ, ದೇವರು!” ಇವರು ಓಡಿ ಬಂದರು.

“ದೇವರಿಗಿ ಕಣ್ಣುರಿ ಇಲ್ರಿ, ನನಗದ!”

ದಟ್ಟ ಹೊಗೆ ಎದ್ದಿತು. ನನ್ನ ಕಡೆ ಬಾಗಿತು, ಅನುಮಾನಿಸಿತು, ಆಮೇಲೆ ನೆಟ್ಟಗೆ ಗುಮ್ಮಟದೊಳಗೆ ನುಗ್ಗಿ ಮೇಲೆ ಹೋಯಿತು. ವಿಭೂತಿಗೆ ಒಂದು ಎಳೆಯೂ ತಾಗಲಿಲ್ಲ. ಅಷ್ಟು ದಿನ ಯಾರೂ ಹಚ್ಚಿ ನೋಡಿರಲಿಲ್ಲವಲ್ಲ! ಹೊಗೆ ಹೋಗುವುದು ಒಳಗೆ, ಪಟ್ಟೆ ಇರುವುದು ಹೊರಗೆ.

ಅತ್ತೆ ಗೋಡೆ ತಡವುತ್ತ, ಬೈಯುತ್ತ ಬಂದು ಒಲೆಯ ಮುಂದೆ ಕುಕ್ಕರಿಸಿದರು. ಇನ್ನೊಂದು ಬೈಗುಳಕ್ಕೆಂದು ಉಸಿರು ಎಳೆದುಕೊಂಡವರು ಅಲ್ಲಿಗೇ ತಡೆದರು. ಕೆಮ್ಮು ಬರಲಿಲ್ಲ. ಕೈ ಚಾಚಿ ಬಿಸಿ ನೋಡಿದರು.

“ಒಲಿ ಉರಿಲಿಕ್ಕತ್ತದೇನು?”

“ಉರಿಲಿಕ್ಕತ್ತದ್ರಿ ಅತ್ತಿ.”

“ಹೊಗಿ?”

“ಮ್ಯಾಲ ಹೋಯ್ತ್ರಿ.”

ಅತ್ತೆ ಮುಖವನ್ನು ಉರಿಯ ಹತ್ತಿರ ಒಯ್ದರು, ಇನ್ನೂ ಹತ್ತಿರ ಒಯ್ದರು. ಆಮೇಲೆ ಮಗ ನಿಂತಿರಬಹುದಾದ ಕಡೆ ತಿರುಗಿದರು.

“ವಿಶ್ವನಾಥಾ, ನನಗ ಯಾಕ ತರಲಿಲ್ಲೋ ಇದನ್ನ?”

ಹೆಂಗಸರು ಒಬ್ಬೊಬ್ಬರಾಗಿ ಕಾಯಿ ಎತ್ತಿಕೊಂಡು ಹೊರಗೆ ಹೋದರು. ನಾನು ಮುಂದಿನ ರೊಟ್ಟಿ ತಟ್ಟಿದೆ.