ಮೂರನೆಯ ಕೆಮ್ಮು

ರಿಸಾಲ್ ಸಿಂಗ್ ತನ್ನ ಮನೆಯ ಅಂಗಳಕ್ಕೆ ಕಾಲಿಡದೆ ಏಳು ತಿಂಗಳಾಗಿತ್ತು. ಮನೆ ಬಿಟ್ಟು ಎಲ್ಲಿಗೋ ಹೋಗಿದ್ದ ಅಂದುಕೋಬೇಡಿ. ಅಂಗಳದ ಗೋಡೆಗೆ ಅಂಟಿಕೊಂಡೇ ಇರುವ ಗಂಡಸರ ಕೋಣೆಯಲ್ಲಿ, ಹಗ್ಗದ ಮಂಚದ ಮೇಲೆ, ಹುಕ್ಕಾ ಮುಂದಿಟ್ಟುಕೊಂಡು ಕೂತಿರುತ್ತಿದ್ದ. ಊಟ ಅಲ್ಲಿಗೇ ಬರುತ್ತಿತ್ತು, ಮಜ್ಜಿಗೆ ಅಲ್ಲಿಗೇ, ಹೆಂಡತಿ ಭತೇರಿಯ ಬೈಗುಳವೂ ಅಲ್ಲಿಗೇ. ಯಾರಾದರೂ ಯಾಕೆ ಅಂದರೆ "ಮಂಡಿ ನೋವು ಕಣಯ್ಯಾ, ಮೆಟ್ಟಿಲು ಹತ್ತೋಕಾಗಲ್ಲ" ಅನ್ನುತ್ತಿದ್ದ. ಇದ್ದದ್ದು ಎರಡೇ ಮೆಟ್ಟಿಲು! ಅದೇ ಮಂಡಿಯಲ್ಲಿ ದಿನಾ ಬೆಳಿಗ್ಗೆ ಎರಡು ಮೈಲಿ ದೂರದ ಹೊಲಕ್ಕೆ ನಡೆದು ಹೋಗಿ ಬರುತ್ತಿದ್ದ. ಸುಳ್ಳು ಹೇಳೋದಕ್ಕೂ ಒಂದಿಷ್ಟು ಜಾಣತನ ಬೇಕು, ಪಾಪ, ಅದು ನಮ್ಮ ರಿಸಾಲ್ ಚೌಧರಿಗೆ ಇರಲಿಲ್ಲ.

ನಿಜ ಸಂಗತಿ ಬೇರೆ. ಏಳು ತಿಂಗಳ ಹಿಂದೆ ಸೊಸೆ ಸಂತ್ರಾಳ ಬಲಗೈಯ ಎರಡು ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಹೋಗಿದ್ದವು. ಮನೆಯವರು, ನೆಂಟರು, ಆಸ್ಪತ್ರೆಯವರು ಎಲ್ಲರೂ ಒಂದೇ ಮಾತು ಹೇಳಿದರು: ಕೈ ಜಾರಿತು. ಜಾರಲಿಲ್ಲ ಅನ್ನುವುದು ತನಗೊಬ್ಬನಿಗೇ ಗೊತ್ತು ಅಂತ ರಿಸಾಲ್ ತಿಳಿದಿದ್ದ.

ನಮ್ಮ ರೋಹ್ತಕ್ ಕಡೆ ಮನೆಯ ಹಿರಿಯ ಗಂಡಸು ಅಂಗಳಕ್ಕೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಕೆಮ್ಮಬೇಕು. ಸೊಸೆಯಂದಿರು ಮುಸುಕು ಎಳೆದುಕೊಳ್ಳಲಿ ಅಂತ. ಕೆಮ್ಮದೆ ನುಗ್ಗುವವನು ಮಾನ ಮರ್ಯಾದೆ ಇಲ್ಲದವನು. ರಿಸಾಲ್ ಅಂಥವನಲ್ಲ. ಆವತ್ತು ಎಮ್ಮೆ ಬಿಚ್ಚೋಕೆ ಬಂದಾಗಲೂ ಕೆಮ್ಮಿದ್ದ. ಒಳಗೆ ಯಂತ್ರದ ಮೋಟಾರು ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಕೆಮ್ಮಿದ. ಮೂರನೆಯ ಸಲ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಗೋಡೆ ಅದುರುವ ಹಾಗೆ ಕೆಮ್ಮಿದ. ಆ ಕೆಮ್ಮಿನ ಬೆನ್ನಿಗೇ ಸಂತ್ರಾ ಚೀರಿದ್ದು. ಎಡಗೈ ಮುಸುಕಿಗೆ ಹೋಗಿದೆ, ಮುಸುಕು ಕಣ್ಣ ಮೇಲೆ ಬಿದ್ದಿದೆ, ಜೋಳದ ದಂಟು ತಳ್ಳುತ್ತಿದ್ದ ಬಲಗೈ ಮುಂದಕ್ಕೆ ಹೋಗಿದೆ. ಇಷ್ಟನ್ನು ಅರಿಯೋದಕ್ಕೆ ಅವನು ಓದಿರಬೇಕಾಗಿರಲಿಲ್ಲ.

ಅವತ್ತಿನಿಂದ ಬಾಯಿಗೆ ಬೀಗ. ಮಗ ಸಕ್ಕರೆ ಕಾರ್ಖಾನೆಯ ಕೆಲಸದಲ್ಲಿ ಎರಡು ವಾರಕ್ಕೊಮ್ಮೆ ಬರುವವನು, ಅವನಿಗೂ ಹೇಳಲಿಲ್ಲ. ಗೋಡೆಯಾಚೆಯಿಂದ ಭತೇರಿ ಸೊಸೆಯನ್ನು ಬೈಯುವುದು ಮಾತ್ರ ದಿನಾ ಕೇಳಿಸುತ್ತಿತ್ತು. "ಕಣ್ಣು ಎಲ್ಲಿಟ್ಟುಕೊಂಡಿದ್ದೆಯೇ ಅವತ್ತು? ಐವತ್ತು ವರ್ಷ ಮೇವು ಕತ್ತರಿಸಿದೀನಿ ನಾನು, ಒಂದು ಉಗುರು ಹೋಗಿದೆಯಾ ನೋಡು!" ಪ್ರತಿ ಮಾತೂ ಗೋಡೆ ದಾಟಿ ಬಂದು ಇವನ ಎದೆಗೇ ನಾಟುತ್ತಿತ್ತು. ಎದ್ದು ಹೋಗಿ "ಅವಳದಲ್ಲ ಕಣೇ, ನನ್ನ ತಪ್ಪು" ಅನ್ನಬೇಕು ಅನಿಸೋದು. ಅಂದರೆ ಆಮೇಲೆ? ಆ ಹುಡುಗಿ ತನ್ನನ್ನು ಜನ್ಮದಲ್ಲಿ ಕ್ಷಮಿಸಿಯಾಳೇ? ಅವಳು ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಮಾವ ಸೊಸೆ ಒಂದು ಮಾತು ಆಡಿದವರಲ್ಲ, ಅದು ನಮ್ಮಲ್ಲಿ ಇಲ್ಲವೇ ಇಲ್ಲ. ಆದರೂ ಅತ್ತೆಯ ಕಣ್ಣು ತಪ್ಪಿಸಿ ಮಾವನ ರೊಟ್ಟಿಯ ಕೆಳಗೆ ಬೆಲ್ಲದ ಚೂರು ಅಡಗಿಸಿ ಕಳಿಸುತ್ತಿದ್ದವಳು ಅವಳು. ಹೆತ್ತ ಮಗಳಿಲ್ಲದ ಮುದುಕನಿಗೆ ಆ ಬೆಲ್ಲ ದೊಡ್ಡ ಆಸ್ತಿ. ಅದನ್ನೂ ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಹೀಗಿರುವಾಗ ಮಾಘದ ಹಿತವಾದ ಬಿಸಿಲಿನ ಒಂದು ಮಧ್ಯಾಹ್ನ ರಾಜ್‌ಬಾಲಾ ಅನ್ನುವ ಹೆಣ್ಣುಮಗಳು ಸ್ಕೂಟಿಯಲ್ಲಿ ಬಂದಿಳಿದಳು. ತಲೆಗೆ ಹೆಲ್ಮೆಟ್, ಹೆಗಲಿಗೆ ಚೀಲ, ಚೀಲದ ತುಂಬ ಅಚ್ಚು ಹಾಕಿದ ಕಾಗದ. ವಿಶ್ವವಿದ್ಯಾಲಯದವರು ಸುತ್ತಲಿನ ಊರುಗಳಲ್ಲಿ ಮನೆ ಮನೆ ತಿರುಗಿ, ಈ ವರ್ಷ ರಸ್ತೆಯಲ್ಲಿ, ಹೊಲದಲ್ಲಿ, ಕೆಲಸದಲ್ಲಿ ಯಾರಿಗೆ ಏನು ಪೆಟ್ಟಾಯಿತು ಅಂತ ಬರೆದುಕೊಳ್ಳುತ್ತಿದ್ದರು. ಕೋಣೆಯಲ್ಲಿ ರಿಸಾಲನ ಜೊತೆ ಅವನ ಹುಕ್ಕಾ ಗೆಳೆಯ ಭರ್ತೂ ಕೂತಿದ್ದ.

"ನನ್ನದು ಬರ್ಕೋ ತಂಗಿ," ಅಂದ ಭರ್ತೂ, ಕೇಳುವ ಮುಂಚೆಯೇ. "ಮದುವೆ ದಿಬ್ಬಣದಿಂದ ಬರ್ತಾ ಟ್ರ್ಯಾಕ್ಟರಿನಿಂದ ಬಿದ್ದು ಭುಜ ಕಳಚ್ಕೊಳ್ತು."

"ಕುಡಿದಿದ್ರಾ ಅಣ್ಣಾ?"

"ರಾಮ ರಾಮ! ನಾನು ಕುಡಿದಿರಲಿಲ್ಲ. ಓಡಿಸೋನು ಕುಡಿದಿದ್ದ."

"ನೀವೆಲ್ಲಿ ಕೂತಿದ್ರಿ?"

"ಚಕ್ರದ ಮೇಲಿನ ತಗಡಿನ ಮೇಲೆ. ಇನ್ನೆಲ್ಲಿ ಕೂರ್ತಾರೆ?"

"ಎಲ್ಲರೂ ಅಲ್ಲೇ ಕೂರ್ತಾರೆ, ಎಲ್ಲರೂ ಅಲ್ಲಿಂದಲೇ ಬೀಳ್ತಾರೆ," ಅಂತ ಅವಳು ನಗುತ್ತಾ ಬರೆದುಕೊಂಡಳು. ಆಮೇಲೆ ರಿಸಾಲನ ಕಡೆ ತಿರುಗಿ, "ತಾತಾ, ನಿಮ್ಮ ಮನೇಲಿ?" ಅಂದಳು.

ರಿಸಾಲ್ ಹುಕ್ಕಾ ಕೊಳವೆ ಬಾಯಿಗಿಟ್ಟುಕೊಂಡ. ಭರ್ತೂನೇ ಹೇಳಿದ: "ಅವನ ಸೊಸೆಗೆ ಬೆರಳು ಹೋಯ್ತು. ಒಳಗೆ ಹೋಗಿ ಕೇಳಮ್ಮಾ. ಇವನು ಬಾಯಿ ಬಿಡೋದು ಹೊಗೆ ಬಿಡೋದಕ್ಕೆ ಮಾತ್ರ."

ರಾಜ್‌ಬಾಲಾ ಒಳಗೆ ಹೋದಳು. ಗೋಡೆಯಲ್ಲೊಂದು ಕಿಂಡಿ ಇತ್ತು, ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಮೊದಲು ಭತೇರಿಯದೇ ಕಾರುಬಾರು. "ಕೈ ಜಾರ್ತು. ಗಮನ ಇರ್ಲಿಲ್ಲ. ಬರ್ಕೊಂಡು ಚಹಾ ಕುಡಿದು ಹೋಗು."

"ಅವಳೇ ಹೇಳಲಿ ಅಜ್ಜೀ. ಸಂತ್ರಾ, ಜಾರೋದಕ್ಕೆ ಮುಂಚೆ ಏನಾಯ್ತು?"

"ಏನಿಲ್ಲ ಅಕ್ಕಾ. ಜಾರ್ತು, ಅಷ್ಟೇ."

ಪೆನ್ನು ಕೆಳಗಿಟ್ಟ ಸದ್ದಾಯಿತು. "ನೋಡು, ನಿನ್ನ ಬಿಟ್ಟು, ಹೀಗೇ ಬೆರಳು ಕಳ್ಕೊಂಡ ಹತ್ತೊಂಬತ್ತು ಜನ ಸೊಸೆಯಂದಿರ ಮನೆಗೆ ಹೋಗಿ ಬಂದಿದೀನಿ. ಎಲ್ಲರೂ ಇದೇ ಅಂದ್ರು, ಜಾರ್ತು. ನಮ್ಮ ಮೇಡಂ ನನ್ನ ಬೈತಾರೆ, ಕೈ ಏನು ಸಾಬೂನಾ ಸುಮ್ಮಸುಮ್ಮನೆ ಜಾರೋಕೆ ಅಂತ. ಯಂತ್ರದ ಬಾಯಿಗೆ ಒಂದು ಉರುಳೆ ಕೂರಿಸ್ತಿದಾರೆ, ಕೈ ಹತ್ರ ಬಂದ್ರೆ ತಟ್ಟಿ ಎಚ್ಚರಿಸೋ ಹಾಗೆ. ಆದ್ರೆ ಕೈ ಯಾಕೆ ಹೋಗುತ್ತೆ ಅಂತಲೇ ತಿಳಿಯದಿದ್ರೆ ಉರುಳೆ ಒಂದೇ ಏನು ಮಾಡೀತು? ನೆನಪು ಮಾಡ್ಕೋ. ಯಾರಾದ್ರೂ ಕರೆದ್ರಾ? ಮಗು ಅಳ್ತಾ?"

"ಇಲ್ಲ."

"ಯಾರಾದ್ರೂ ಬಂದ್ರಾ?"

ಸಂತ್ರಾ, "ಯಾರೂ ಬರಲಿಲ್ಲ ಅಕ್ಕಾ. ಬಾಗಿಲ ಹತ್ರ ಯಾರೂ ಇರಲೇ ಇಲ್ಲ," ಅಂದಳು.

ರಿಸಾಲ್ ಹುಕ್ಕಾ ಕೊಳವೆ ಬಾಯಿಂದ ತೆಗೆದ. ರಾಜ್‌ಬಾಲಾ ಬಾಗಿಲ ಮಾತು ಎತ್ತಿರಲೇ ಇಲ್ಲವಲ್ಲ! ಹಾಗಾದರೆ ಅವಳಿಗೆ ಗೊತ್ತು! ಏಳು ತಿಂಗಳಿಂದ ಗೊತ್ತು. ಅತ್ತೆಯ ಬಾಯಿಂದ ಅಷ್ಟೆಲ್ಲ ಅನ್ನಿಸಿಕೊಂಡೂ ತನ್ನ ಹೆಸರು ಎತ್ತಿಲ್ಲ. ಈಗ ಸರ್ಕಾರಿ ಕಾಗದದ ಮೇಲೂ ತನ್ನನ್ನು ಉಳಿಸಲು ನೋಡುತ್ತಿದ್ದಾಳೆ. ಅವನಿಗೆ ನಾಚಿಕೆಯಾಯಿತು.

ಹುಕ್ಕಾ ಬದಿಗೆ ಸರಿಸಿ ಎದ್ದ. "ಎಲ್ಲಿಗೋ? ಮಂಡಿ ನೋವು ಹೋಯ್ತಾ?" ಅಂದ ಭರ್ತೂ. ರಿಸಾಲ್ ಆಗಲೇ ಕೋಣೆಯ ಹೊರಗೆ ಕಾಲಿಟ್ಟಿದ್ದ. ಎರಡು ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ನಿಂತ. ಎಪ್ಪತ್ತರ ಜೀವದಲ್ಲಿ ಮೊದಲ ಸಲ ಕೆಮ್ಮದೆ ಒಳಗೆ ಕಾಲಿಟ್ಟ.

"ಅಯ್ಯಯ್ಯೋ, ಹೇಳದೆ ಕೇಳದೆ ನುಗ್ಗೋದಾ? ಬುದ್ಧಿ ಇದೆಯಾ ನಿಮಗೆ?" ಭತೇರಿ ಹಾರಿ ಬಿದ್ದಳು. ಸಂತ್ರಾಳ ಕೈ ತಲೆಯ ಮೇಲಿನ ಸೆರಗಿಗೆ ಹೋಯಿತು.

"ಬೇಡ ತಾಯಿ, ಎಳ್ಕೋಬೇಡ," ಅಂದ ರಿಸಾಲ್. ಅಂದವನೇ ತಾನೇ ಬೆನ್ನು ತಿರುಗಿಸಿ ನಿಂತುಬಿಟ್ಟ. ಎದುರಿಗೆ ಎಮ್ಮೆ ಮೆಲುಕು ಹಾಕುತ್ತಿತ್ತು. ಅದರ ಮುಖ ನೋಡಿಕೊಂಡೇ ಹೇಳತೊಡಗಿದ. "ರಾಜ್‌ಬಾಲಾ, ಬರ್ಕೋ ಮಗಳೆ. ಬಾಗಿಲಲ್ಲಿ ನಾನಿದ್ದೆ. ಎರಡು ಸಲ ಕೆಮ್ಮಿದೆ, ಅವಳಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಅಂದ್ರೆ ಸುಮ್ಮನೆ ಆಚೆ ನಿಂತ್ಕೋಬಹುದಿತ್ತು. ಏನು, ಎಮ್ಮೆ ಓಡಿ ಹೋಗ್ತಿತ್ತಾ? ಮೂರನೇ ಸಲ ಜೋರಾಗಿ ಕೆಮ್ಮಿದೆ. ಅವಳು ಬೆಚ್ಚಿ ಮುಸುಕೆಳೆದಳು. ಕಣ್ಣು ಮುಚ್ಚಿತು. ಆ ಬೆರಳು ನನ್ನಿಂದ ಹೋಯ್ತು. ರಿಸಾಲ್ ಸಿಂಗ್ ಅಂತ ಹೆಸರು ಹಾಕು. ಅವಳ ಗಮನ ಎಲ್ಲೂ ಹೋಗಿರಲಿಲ್ಲ."

ಎಮ್ಮೆ ಕಿವಿ ಕೊಡವಿತು. ಆಮೇಲೆ ಭತೇರಿಯ ಬಾಯಿ ತೆರೆಯಿತು ನೋಡಿ! "ಏಳು ತಿಂಗಳು ಈ ಮಗೂನ ಬಾಯಿಗೆ ಬಂದ ಹಾಗೆ ಬೈದೆನಲ್ಲಾ ನಾನು! ನೀವು ಆಚೆ ಕೂತು ಹೊಗೆ ಸೇದ್ತಾ ಕೇಳಿಸ್ಕೊಂಡ್ರಲ್ಲಾ! ನಿಮ್ಮ ಹುಕ್ಕಾಗೆ ಬೆಂಕಿ ಹಾಕ!" ಬೈಯುತ್ತ ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಕು, ತಪ್ಪಿಲ್ಲ," ಅಂದ ರಿಸಾಲ್, ಇನ್ನೂ ಎಮ್ಮೆಯ ಕಡೆಗೇ ನೋಡುತ್ತ. "ಸಂತ್ರಾ, ನಿನ್ನ ಹತ್ರ ಯಾವ ಮುಖ ಇಟ್ಕೊಂಡು ಕೇಳಲಿ? ಕ್ಷಮಿಸು ಅನ್ನೋಕೂ ಬಾಯಿ ಬರಲ್ಲ. ಒಂದು ಮಾತು. ಇನ್ನು ಮೇಲೆ ಯಂತ್ರ ತಿರುಗ್ತಿದ್ದಾಗ ಯಾರೇ ಬರಲಿ, ನಾನು ಬರಲಿ, ಊರ ಮುಖಂಡನೇ ಬರಲಿ, ಮುಸುಕಿಗೆ ಕೈ ಹಾಕ್ಬೇಡ."

"ಊರೋರು ಏನಂತಾರೆ?" ಅಂದಳು ಭತೇರಿ, ಅಭ್ಯಾಸಬಲದಿಂದ.

"ಊರೋರು ಬೆರಳು ಅಂಟಿಸಿ ಕೊಡ್ತಾರಾ?"

ರಾಜ್‌ಬಾಲಾ ಬರೆಯುತ್ತಲೇ ಇದ್ದಳು. ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಹಿಂದಿನ ಖಾಲಿ ಪುಟಕ್ಕೆ ತಿರುಗಿಸಿ ಬರೆದಳು. "ಆ ಹತ್ತೊಂಬತ್ತು ಮನೆಗೂ ಮತ್ತೆ ಹೋಗ್ಬೇಕು," ಅಂತ ತನ್ನಷ್ಟಕ್ಕೇ ಅಂದುಕೊಂಡಳು. "ಸಂತ್ರಾ, ತಾತ ಹೇಳಿದ್ದು ಹೌದಾ?"

"ಹೌದು ಅಕ್ಕಾ."

"ಮತ್ತೆ ಯಾಕಮ್ಮಾ ಮುಚ್ಚಿಟ್ಟೆ?"

ರಿಸಾಲನ ಬೆನ್ನ ಹಿಂದೆ, ಸ್ವಲ್ಪ ನಡುಗುವ, ಆದರೆ ಗಟ್ಟಿಯಾದ ಒಂದು ದನಿ ಅವನನ್ನೇ ಕರೆಯಿತು.

"ಮಾವಾ."

ಒಂಬತ್ತು ವರ್ಷದಲ್ಲಿ ಮೊದಲ ಸಲ.

"ಹೇಳಿದ್ರೆ ನೀವು ನೊಂದ್ಕೊಂಡು ಮನೆಯೊಳಗೆ ಬರೋದನ್ನೇ ಬಿಟ್ಬಿಡ್ತೀರಿ ಅಂತ ಹೇಳಲಿಲ್ಲ. ಹೇಳದಿದ್ರೂ ಬಿಟ್ರಿ. ಬೆರಳು ಹೋಗಿದ್ದಕ್ಕೆ ಒಂದು ವಾರ ಅತ್ತಿದ್ದೆ ಮಾವಾ. ನೀವು ಒಳಗೆ ಬರ್ತಿಲ್ಲ ಅಂತ ಇವತ್ತಿನವರೆಗೂ ಅಳ್ತಿದೀನಿ. ನನ್ನ ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದ್ರು. ಈ ಮನೇಲಿ ನೀವಿದೀರಿ ಅಂತ ಇದ್ದೆ. ಎಷ್ಟು ದಿನ ಎಮ್ಮೆ ಮುಖ ನೋಡ್ತೀರಿ? ಈ ಕಡೆ ತಿರುಗಿ."

ರಿಸಾಲ್ ಕಣ್ಣು ಕೆಳಗೆ ಹಾಕಿಕೊಂಡೇ ತಿರುಗಿದ. ನಿಧಾನವಾಗಿ ತಲೆ ಎತ್ತಿದ.

ಸಂತ್ರಾ ಮುಸುಕು ಹಿಂದಕ್ಕೆ ಸರಿಸಿ ನಿಂತಿದ್ದಳು. ಅಗಲವಾದ ಹಣೆ, ಅತ್ತು ಕೆಂಪಾದ ಕಣ್ಣು, ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ. ಇಷ್ಟು ವರ್ಷ ಒಂದೇ ಸೂರಿನಡಿ ಅವಳ ಕೈಯ ಅನ್ನ ಉಂಡವನಿಗೆ ಆ ಮಚ್ಚೆ ಇದೆ ಅಂತ ಗೊತ್ತಿರಲಿಲ್ಲ.