ಮೂವತ್ತೊಂದರಲ್ಲಿ ಮೊದಲ ಪಂದ್ಯ

ಚಿಕ್ಕಲಸಂದ್ರದಲ್ಲಿ ಇನ್ನೂ ಹೊಲಗಳಿದ್ದ ಕಾಲದಲ್ಲಿ ಅಣ್ಣಮ್ಮ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಗಿಳಿ ಓಡಿಸುತ್ತಿದ್ದಳು. ಅವಳ ಕಲ್ಲು ಗುರಿ ತಪ್ಪುತ್ತಿದ್ದುದು ಅಪರೂಪ. ಈಗ ಆ ಹೊಲದಲ್ಲಿ ತಮ್ಮ ಬೈರಣ್ಣ ಕಟ್ಟಿಸಿದ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಣ್ಣಮ್ಮನಿಗೆ ಹೊತ್ತು ಹೋಗುವುದೇ ಕಷ್ಟವಾಗಿತ್ತು. ಅಷ್ಟರಲ್ಲಿ ತಮ್ಮನ ಮಗಳು, ಹನ್ನೊಂದು ವರ್ಷದ ಚೈತ್ರ, ತಾನು ವಿಕೆಟ್ ಕೀಪರ್ ಆಗಬೇಕೆಂದು ಹಟ ಹಿಡಿದಳು.

"ಅತ್ತೆ, ಬಾಲ್ ಎಸೀತೀಯಾ? ಜೋರಾಗಿ ಎಸೀಬೇಕು."

"ಮೂಗು ಒಡೆದು ಹೋಗುತ್ತೆ ಕಣೇ."

"ಹೋಗ್ಲಿ ಬಿಡು."

ಅಂದಿನಿಂದ ದಿನಾ ಬೆಳಿಗ್ಗೆ ತಾರಸಿಯ ಮೇಲೆ ಇಬ್ಬರದೂ ಅಭ್ಯಾಸ. ಅಣ್ಣಮ್ಮ ಸೆರಗು ಸಿಕ್ಕಿಸಿ ಎಡಕ್ಕೊಂದು ಬಲಕ್ಕೊಂದು ಎಸೆಯುವಳು. ಹುಡುಗಿ ಹಾರಿ ಹಿಡಿಯುವಳು. ಬಾಡಿಗೆಯವರ ಕಿಟಕಿ ಗಾಜು ಎರಡು ಸಲ ಹೋಯಿತು. ಭಾನುವಾರ ಬಸ್ಸು ಹಿಡಿದು ಜಯನಗರದ ಮೈದಾನಕ್ಕೆ ಕರೆದೊಯ್ಯುತ್ತಿದ್ದವಳೂ ಅಣ್ಣಮ್ಮನೇ. ಅಲ್ಲಿ ಕೋಚ್ ಚಿದಾನಂದ್ ಹುಡುಗರ ನಡುವೆ ನಿಲ್ಲಿಸಿದ ಒಬ್ಬಳೇ ಹುಡುಗಿ ಚೈತ್ರ.

ಇಪ್ಪತ್ತಕ್ಕೆ ರಾಜ್ಯದ ತಂಡ ಸೇರಿದಳು. ಆಮೇಲೆ ಪ್ರತಿ ವರ್ಷ ಭಾರತ ತಂಡದ ಮಾತು ಬಂದಾಗ ಇವಳ ಹೆಸರು ಕೇಳಿಬರುತ್ತಿತ್ತು. ಪಟ್ಟಿ ಬಂದಾಗ ಬೇರೆ ಯಾರದೋ ಹೆಸರಿರುತ್ತಿತ್ತು. ಇಪ್ಪತ್ತೇಳರಲ್ಲಿ ಬಲಗೈಯ ಎರಡು ಬೆರಳು ಮುರಿದವು.

"ಸಾಕು ಬಿಡಮ್ಮ. ರಾಜ್ಯಕ್ಕೆ ಆಡ್ದೆ, ಹೆಸರು ಬಂತು. ಇನ್ನೆಷ್ಟು ದಿನ ಕಾಯ್ತೀಯಾ?" ಎಂದ ಬೈರಣ್ಣ. ಬೆರಳು ವಾಸಿಯಾದರೂ ಚೈತ್ರ ಕಿಟ್ ಬ್ಯಾಗನ್ನು ಅಟ್ಟದಿಂದ ಇಳಿಸಲಿಲ್ಲ.

ಅಣ್ಣಮ್ಮ ಹತ್ತು ದಿನ ನೋಡಿದಳು. ಹನ್ನೊಂದನೆಯ ಬೆಳಿಗ್ಗೆ ತಾರಸಿ ಹತ್ತಿ ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಎಸೆಯತೊಡಗಿದಳು. ಧಡ್, ಧಡ್ ಎಂದು ಮನೆಯೆಲ್ಲ ಕೇಳಿಸಿತು. ಚೈತ್ರ ಕಣ್ಣುಜ್ಜುತ್ತ ಮೇಲೆ ಬಂದಳು.

"ಅತ್ತೆ, ಏನ್ ಮಾಡ್ತಿದೀಯಾ?"

"ನಿಂಗೆ ಬೇಡ ಅಂದ್ರೆ ಬೇಡ. ನನ್ನ ಕೈಗೆ ಅಭ್ಯಾಸ ಆಗ್ಬಿಟ್ಟಿದೆ, ಸುಮ್ನೆ ಕೂರಲ್ಲ ಅನ್ನುತ್ತೆ."

 ಚೈತ್ರ ಕೆಳಗೆ ಹೋಗಿ, ಅಟ್ಟದಿಂದ ಬ್ಯಾಗ್ ಇಳಿಸಿ ಗ್ಲೌಸ್ ತಂದಳು.

ಮತ್ತೆ ನಾಲ್ಕು ವರ್ಷ. ಭಾರತದ ಕೀಪರ್‌ಗೆ ಪೆಟ್ಟಾಗಿ, ಬೆಂಗಳೂರಿನ ಪಂದ್ಯಕ್ಕೆ ಎರಡೇ ದಿನ ಉಳಿದಿದ್ದಾಗ ಕರೆ ಬಂತು. ಚೈತ್ರಳಿಗೆ ಆಗ ಮೂವತ್ತೊಂದು.

ಪಂದ್ಯದ ದಿನ ಮಧ್ಯಾಹ್ನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಅಣ್ಣಮ್ಮ, ಬೈರಣ್ಣ ಅಕ್ಕಪಕ್ಕ ಕೂತಿದ್ದರು. ಬ್ಯಾಟಿಂಗ್‌ಗೆ ಬಂದ ಚೈತ್ರ ಒಂಬತ್ತು ರನ್ನಿಗೆ ಔಟಾದಳು. ಹಿಂದಿನ ಸಾಲಿನಲ್ಲಿ ಯಾರೋ, "ವಯಸ್ಸಾದವರನ್ನ ಯಾಕಪ್ಪ ಆಡಿಸ್ತಾರೆ?" ಎಂದ. ಬೈರಣ್ಣ ತಿರುಗಲು ಹೋದ. ಅಣ್ಣಮ್ಮ ಅವನ ತೋಳು ಹಿಡಿದು ಕೂರಿಸಿದಳು.

ಕೊನೆಯ ಓವರಿನಲ್ಲಿ ಎದುರಾಳಿಗಳಿಗೆ ಎರಡು ಬಾಲಿಗೆ ಮೂರು ರನ್ ಬೇಕಿತ್ತು. ಉಳಿದಿದ್ದುದು ಒಂದೇ ವಿಕೆಟ್. ಬ್ಯಾಟರ್ ಮುನ್ನುಗ್ಗಿ ಬೀಸಿದಳು, ತಪ್ಪಿತು. ಚೆಂಡು ಕಾಲಿನ ಬದಿಯಿಂದ ನುಸುಳಿ ಬೌಂಡರಿಗೆ ಹೋಗುವಂತಿತ್ತು. ಚೈತ್ರ ಎಡಕ್ಕೆ ಬಾಗಿ ಹಿಡಿದು, ಬ್ಯಾಟರ್ ಹಿಂದಿರುಗುವ ಮೊದಲೇ ಅದೇ ರಭಸದಲ್ಲಿ ಬೇಲ್ಸ್ ಹಾರಿಸಿದಳು. ಕೊನೆಯ ವಿಕೆಟ್ ಬಿತ್ತು, ಪಂದ್ಯ ಮುಗಿಯಿತು. ಭಾರತ ಗೆದ್ದಿತ್ತು.

ಬೈರಣ್ಣ ಹಿಂದಿನ ಸಾಲಿಗೆ ತಿರುಗಿ, "ನನ್ನ ಮಗಳು ಸಾರ್ ಅವಳು! ಇವ್ರು ನಮ್ಮಕ್ಕ, ಕಲಿಸಿದ್ದೇ ಇವ್ರು!" ಎಂದು ಕೂಗಿದ.

"ನಾನೇನ್ ಕಲಿಸ್ದೆ? ಬರೀ ಎಸೆದೆ. ಹಿಡಿದಿದ್ದು ಅವಳು," ಎಂದಳು ಅಣ್ಣಮ್ಮ. ಆದರೆ ಅವಳ ಬೆನ್ನು ನೆಟ್ಟಗಾಗಿತ್ತು. ಮುಖದ ನಗು ಮರೆಮಾಚಲು ಅವಳು ಪ್ರಯತ್ನಿಸಲೂ ಇಲ್ಲ.

ಕೆಳಗೆ ಸಹ ಆಟಗಾರ್ತಿಯರು ಚೈತ್ರಳನ್ನು ಎತ್ತಿಕೊಂಡಿದ್ದರು. ಆಮೇಲೆ ಯಾರೋ ಅವಳ ಮುಂದೆ ಮೈಕ್ ಹಿಡಿದರು. ಜನ ಕರಗುತ್ತ ಹೋದರು.

"ಹೊರಡೋಣ್ವಾ ಅಕ್ಕ?"

"ತಡಿಯೋ," ಎಂದಳು ಅಣ್ಣಮ್ಮ, ಕಣ್ಣು ಕೀಳದೆ. "ಇನ್ನೂ ಮಾತಾಡ್ತಿದಾಳೆ."