ಭಂಗಾರಕ್ಕೆ ಹೋದ ಗಾಡಿಗಳು

ಮಾವ ಹೇಳುತ್ತಿರುವುದರಲ್ಲಿ ತಪ್ಪೆಲ್ಲಿದೆ? ರೊಟ್ಟಿಯ ತುಣುಕಿನಲ್ಲಿ ಪುಂಡಿಪಲ್ಯ ಹಿಡಿದುಕೊಂಡ ಮಯೂರ ಬಾಯಿಗಿಡುವುದನ್ನೇ ಮರೆತು ಕುಳಿತಿದ್ದ. ತಪ್ಪಿಲ್ಲ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಹಾಗಿದ್ದ ಮೇಲೆ ತಪ್ಪು ಎಂದು ಯಾವ ಬಾಯಿಂದ ಹೇಳುವುದು? ಹೇಳದೆ ಸುಮ್ಮನಿದ್ದು ನಾಳೆ ಯಾರದಾದರೂ ಜೀವ ಹೋದರೆ?

"ಕರೆಂಟಿನ ಗಾಡಿ ಹೊಗಿ ಬಿಡಂಗಿಲ್ಲ ಅಂತ ಯಾರಂದ್ರು?" ಭಾಲಚಂದ್ರರಾಯರು ಮಗಳನ್ನು ಕೇಳುತ್ತಿದ್ದರು. "ಬಿಡ್ತದವ್ವಾ. ಬೀದರದಾಗ ಬಿಡಂಗಿಲ್ಲ, ರಾಯಚೂರಿನಾಗ ಬಿಡ್ತದ. ಅಲ್ಲಿ ಕಲ್ಲಿದ್ದಲು ಸುಟ್ರ ಇಲ್ಲಿ ನಿನ್ನ ಗಾಡಿ ಓಡ್ತದ."

"ಎಲ್ಲಾ ಕರೆಂಟ್ ಕಲ್ಲಿದ್ದಲಿಂದಲ್ಲ ಪಪ್ಪಾ. ಸೋಲಾರ್ ಅದ, ಗಾಳಿದು ಅದ," ಸ್ನೇಹಲ ಇನ್ನೊಂದು ರೊಟ್ಟಿ ಬಡಿಸಿದಳು.

"ಇರಲಿ. ಆ ಬ್ಯಾಟರಿ? ಅದಕ್ಕ ಎಲ್ಲೆಲ್ಲಿ ಗುಡ್ಡ ಅಗೀತಾರೋ ಏನೋ. ನನ್ನ ಗಾಡೀದು ಕಬ್ಬಿಣ ಯಾವಾಗೋ ಕಾಸಿ, ಬಡದು, ಮುಗದು ಹೋಗ್ಯದ. ವಾರಕ್ಕೊಮ್ಮೆ ಭಾಲ್ಕಿ, ತಿಂಗಳಿಗೊಮ್ಮೆ ಔರಾದ. ಇಷ್ಟು ತಿರುಗಾಟಕ್ಕ ಹೊಸಾದೊಂದು ಗಾಡಿ ಹುಟ್ಟಿಸಬೇಕೇನು? ಬಂಗಾರದಂಥ ಗಾಡಿ ಭಂಗಾರಕ್ಕ ಹಾಕು ಅಂತೀಯಲ್ಲ!"

ಈ ಕಡೆ ಭಂಗಾರ ಎಂದರೆ ಗುಜರಿ. ತಮ್ಮ ಮಾತಿಗೆ ತಾವೇ ನಕ್ಕು, ರಾಯರು ಅಳಿಯನ ಕಡೆ ಮುಖ ತಿರುಗಿಸಿದರು. "ನಾ ಹೇಳಿದ್ದಲ್ಲ ಇದು. ಅಳಿಯಂದ್ರ ಹೇಳಿದ್ದು. ಹೌದಲ್ರಿ?"

ಹೌದು. ಮಯೂರ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ದಿನಾ ಓಡುವ ಗಾಡಿಯಾದರೆ ಕರೆಂಟಿನದೇ ಮೇಲು, ಅದನ್ನು ತಯಾರಿಸುವಾಗ ಆದ ಮಾಲಿನ್ಯವನ್ನು ಓಡಿ ಓಡಿ ಅದು ತೀರಿಸುತ್ತದೆ. ಅಪರೂಪಕ್ಕೆ ಓಡುವ ಹಳೇ ಗಾಡಿಯಾದರೆ ಚೆನ್ನಾಗಿ ನೋಡಿಕೊಂಡು ಅದನ್ನೇ ಓಡಿಸುವುದು ಮೇಲು. ಹೋದ ವರ್ಷ ಇದೇ ಮನೆಯ ಕಟ್ಟೆಯ ಮೇಲೆ ಕುಳಿತು ಅವನೇ ಇದನ್ನು ಮಾವನಿಗೆ ಬಿಡಿಸಿ ಹೇಳಿದ್ದ. ಹೆಚ್ಚು ಮಾತಾಡದ ಅಳಿಯ ಅಷ್ಟು ಹೊತ್ತು ಮಾತಾಡಿದನೆಂದು ರಾಯರು ಒಂದೊಂದು ಮಾತನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅಂದಿಗೂ ಇಂದಿಗೂ ನಡುವೆ ಔರಾದದ ರಸ್ತೆ ಬಂದಿತ್ತು.

ಭಾಲಚಂದ್ರರಾಯರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಔರಾದದ ರಸ್ತೆಗೆ ಡಾಂಬರು ಹಾಕಿಸುವಾಗ ಬಿಸಿಲಲ್ಲಿ ನಿಂತವರು. ಔರಾದದಲ್ಲಿರುವ ತಂಗಿಯ ಮನೆಗೆ ಹೋಗಿ ಬರುವಾಗ ದಾರಿಯುದ್ದಕ್ಕೂ ಹೇಳುತ್ತಿದ್ದರು: "ಈಗ ಬಲಕ್ಕ ತಿರುವು ಬರ್ತದ ನೋಡ್ರಿ. ಮುಂದ ಮೋರಿ. ಅದನ್ನ ದಾಟಿದ್ರ ಎಡಕ್ಕ ಬೇವಿನ ಗಿಡ." ಮಯೂರ ಇದನ್ನು ಹಳೇ ಕೆಲಸದ ಅಭಿಮಾನ ಎಂದುಕೊಂಡಿದ್ದ. ಹೋದ ತಿಂಗಳು ವಾಪಸು ಬರುವಾಗ, ಜನವಾಡ ಎಂಬ ಊರು ಇನ್ನೂ ಮುಂದಿರುವಾಗ, ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ರಾಯರು ಓಡಿಸುತ್ತಿದ್ದ ಕಾರು ನೇರ ಅವಳ ಕಡೆಗೇ ಹೋಯಿತು. ಹೊರೆ ಬಿಸಾಕಿ ಅವಳು ಹೊಲಕ್ಕೆ ಹಾರಿದಳು. ಮಯೂರ ಹಿಂದಿರುಗಿ ನೋಡಿದಾಗ ಅವಳು ಎದ್ದು ನಿಂತು ಸೀರೆಯ ಧೂಳು ಕೊಡವುತ್ತಿದ್ದಳು. ರಾಯರು ಮಾತ್ರ ಮೊದಲಿನ ದನಿಯಲ್ಲೇ "ಈಗ ಸಣ್ಣ ಇಳುಕಲು" ಎಂದರು.

ಆಗ ಅವನಿಗೆ ತಿಳಿಯಿತು. ಅವರು ರಸ್ತೆಯನ್ನು ನೋಡುತ್ತಿರಲಿಲ್ಲ, ನೆನೆಸಿಕೊಳ್ಳುತ್ತಿದ್ದರು. ತಿರುವು, ಮೋರಿ, ಬೇವಿನ ಗಿಡ ಎಲ್ಲ ಆ ನೆನಪಿನಲ್ಲಿದ್ದವು. ಹೆಂಗಸು ಇರಲಿಲ್ಲ.

ಸ್ನೇಹಲಳಿಗೆ ಹೇಳಿದಾಗ ಅವಳು ಮೊದಲು ಕೋಣೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ ಅಂದಳು: "ಕಣ್ಣಿನ ಮಾತು ತೆಗೀಬ್ಯಾಡ್ರಿ. ಕಣ್ಣಿನ ದವಾಖಾನಿಗೆ ಹೋಗೋಣು ಅಂದಿದ್ದಕ್ಕ ಹೋದ ಸಲ ಊಟಾನೇ ಬಿಟ್ಟಿದ್ರು. ಅವ್ವ ಹೋದ ಮ್ಯಾಲ ಅವರಿಗೆ ಉಳಿದದ್ದು ಆ ಸ್ಟೇರಿಂಗ್ ಒಂದೇ. ನೀ ಕುರುಡ ಅಂತ ನಾವು ಅಂದ್ರ ಹಾಸಿಗಿ ಹಿಡೀತಾರ. ಹೊಗಿ ನೆಪ ಮಾಡಿ ಗಾಡಿ ಬಿಡಿಸೋಣು. ಗೇರ್ ಇಲ್ಲದ ಹೊಸಾದು ಅವರ ಕೈಗೆ ಹತ್ತಂಗಿಲ್ಲ, ನಾ ಹೊಡೀತೇನಿ. ನನ್ನ ಮಾತು ಕೇಳಂಗಿಲ್ಲ ಅವರು. ನಿಮ್ಮದು ಕೇಳ್ತಾರ."

"ನಾನೇ ಬ್ಯಾರೆ ಹೇಳೀನಿ ಅವರಿಗೆ."

"ಹಂಗಾದ್ರ ಈಗ ಇನ್ನೊಂದು ಹೇಳ್ರಿ. ವಿಜ್ಞಾನ ಬದಲಾಗಂಗಿಲ್ಲೇನು?"

ಈಗ ಮಾವ ಕಾಯುತ್ತಿದ್ದರು. "ಹೇಳ್ರಿ ಅಳಿಯಂದ್ರ. ಆಕಿ ನನ್ನ ಮಗಳು, ವಕೀಲಿ ಮಾಡ್ತಾಳ. ನೀವು ಸುಳ್ಳು ಹೇಳೋ ಮನಷಾ ಅಲ್ಲ. ನೀವು ಹೂಂ ಅಂದ್ರ ನಾಳೆನೇ ಚಾವಿ ಕೊಡ್ತೇನಿ."

ಮಾತು ಕಡಿಮೆ ಎಂಬ ಒಂದೇ ಕಾರಣಕ್ಕೆ ಜನ ಅವನನ್ನು ಸತ್ಯವಂತ ಎಂದುಕೊಂಡಿದ್ದರು. ಮಯೂರ ತಟ್ಟೆಯನ್ನೇ ನೋಡುತ್ತ, "ಹೊಸಾದೇ ಛಲೋರಿ ಮಾವಾ. ನಾ ಮೊದಲು ಹೇಳಿದ್ದು ತಪ್ಪಿತ್ತು" ಎಂದ.

ರಾಯರು ಎಡಗೈಯಿಂದ ತಟ್ಟೆ ಸರಿಸಿದರು. ಆಮೇಲೆ ಅಂಗಿಯ ಕಿಸೆಯಿಂದ ಚಾವಿ ತೆಗೆದು, ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿಟ್ಟರು. "ಆತು. ಗಾಳಿ ಮಂದಿದು. ನಂದೊಬ್ಬಂದು ಅಲ್ಲ."

ಮಾವನ ಬಿಳಿ ಗಾಡಿ ಗುಜರಿಗೆ ಹೋಯಿತು. ಹಸಿರು ನಂಬರ್ ಪ್ಲೇಟಿನ ಹೊಸ ಗಾಡಿ ಬಂತು. ಮಾವ ಕುಗ್ಗಿ ಹೋಗುತ್ತಾರೆಂದು ಮಯೂರ ಹೆದರಿದ್ದ. ಅವರು ಕುಗ್ಗಲಿಲ್ಲ. ಬೆಳಗಿನ ವಾಕಿಂಗಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೊಗೆಯ ಕಥೆ ಹೇಳತೊಡಗಿದರು. "ನಾ ಬಿಟ್ಟೆ. ಮಕ್ಕಳ ಎದಿಗೆ ಹೊಗಿ ತುಂಬಿ ನಾ ಏನು ಮೆರೀಲಿ? ನಮ್ಮ ಅಳಿಯಂದ್ರು ಲೆಕ್ಕ ಹಾಕಿ ತೋರಿಸಿದ್ರು." ಅದನ್ನು ಕೇಳಿದಾಗಲೆಲ್ಲ ಮಯೂರ ಒಳಗೆ ಹೋಗಿ ನೀರು ಕುಡಿಯುತ್ತಿದ್ದ.

ಒಂದು ರವಿವಾರ ಸಂಜೆ ಅವನನ್ನೂ ಭಾಲ್ಕಿಗೆ ಹೊರಡಿಸಿದರು. ಈಗ ಗಾಡಿ ಓಡಿಸುತ್ತಿದ್ದ ಸ್ನೇಹಲ ಇಬ್ಬರನ್ನೂ ಯಾಕೋಬ ಮಾಸ್ತರರ ಮನೆಯೆದುರು ಇಳಿಸಿ ಪೇಟೆಗೆ ಹೋದಳು. ಮಾಸ್ತರರು ರಾಯರ ಹಳೇ ಗೆಳೆಯರು. ಮಿಶನ್ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಅಂಗಳದಲ್ಲಿ ಒಂದು ನೀಲಿ ಪೆಟ್ರೋಲ್ ಗಾಡಿ ಇತ್ತು. ಹಳೆಯದು, ಆದರೆ ಗೀರು ಇಲ್ಲದ್ದು. ಹೆಂಡತಿ ರೆಬೆಕ್ಕಾಬಾಯಿಗೆ ಮೊಣಕಾಲು ನೋವು. ಔರಾದದಲ್ಲಿ ಪ್ರಾರ್ಥನೆ ಇದ್ದಾಗ ಅವರನ್ನು ಕರೆದೊಯ್ಯಲಷ್ಟೇ ಅದು ಹೊರಬರುತ್ತಿತ್ತು.

"ಏನ್ ಮಾಸ್ತರ್, ಇನ್ನೂ ಹೊಗಿ ಬಿಡಾಕತ್ತೀರೇನು?"

"ಹೊಗಿ ಬಿಡಾವ್ರು ನೀವು, ಬಾಯಿಲೆ," ಯಾಕೋಬರು ಕುರ್ಚಿ ಎಳೆದರು. "ಬಂದ ಕೂಡಲೇ ಸುರು!"

ಚಹಾ ಬರುವಷ್ಟರಲ್ಲಿ ರಾಯರು ಎಲ್ಲ ಹೇಳಿ ಮುಗಿಸಿದ್ದರು. ಕಲ್ಲಿದ್ದಲಿನ ಮಾತಾಗಲಿ, ಗುಡ್ಡ ಅಗೆಯುವ ಮಾತಾಗಲಿ ಈಗ ಅವರ ಬಾಯಲ್ಲಿ ಬರಲಿಲ್ಲ. ಯಾಕೋಬರ ನಗು ನಿಧಾನಕ್ಕೆ ಇಳಿಯಿತು. "ದೇವರ ಸೃಷ್ಟಿ ಕೆಡಿಸಬ್ಯಾಡ್ರಿ ಅಂತ ಸಭಾದಾಗ ನಾನೇ ಹೇಳ್ತೇನಿ," ಎಂದು ಅವರು ಗಾಡಿಯ ಕಡೆ ನೋಡಿದರು. "ಹೇಳೋದೊಂದು, ಮಾಡೋದೊಂದು ಆಗಬಾರದು."

"ಹೊಸಾದು ನಮ್ಮ ಕೈಲೆ ಆಗಂಗಿಲ್ಲ. ಬಸ್ಸಿನ್ಯಾಗ ಹತ್ತಿ ಇಳೀಲಿಕ್ಕೆ ನನ್ನ ಕಾಲು?" ರೆಬೆಕ್ಕಾಬಾಯಿ ಚಹಾದ ತಟ್ಟೆ ಹಿಡಿದು ಮಯೂರನ ಎದುರು ನಿಂತರು. "ನೀವು ಕಲತವರು ಸರ್. ಖರೇ ಹೇಳ್ರಿ. ಇದನ್ನ ಭಂಗಾರಕ್ಕ ಹಾಕಲೇಬೇಕೇನ್ರಿ?"

ಬೇಡ ಎನ್ನುವುದು ನಾಲಿಗೆಯ ತುದಿಗೆ ಬಂತು. ನೀವು ಓಡಿಸುವುದೇ ಕಡಿಮೆ, ಇಂಜಿನ್ ಚೆನ್ನಾಗಿದೆ, ಇಟ್ಟುಕೊಳ್ಳಿ. ಅಷ್ಟೇ ಮಾತು. ಆದರೆ ಅದಾದ ಮೇಲೆ ಮಾವ ಕೇಳುತ್ತಾರೆ: ಹಂಗಾದ್ರ ನಂದು ಯಾಕ ಹೋತು? ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಮಾವ ಅವನ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು. ಆದರೆ ಅವರ ನೋಟ ಮಯೂರನ ಭುಜದಾಚೆ, ಗೋಡೆಯ ಮೇಲೆ ಎಲ್ಲೋ ಇತ್ತು.

"ಹಾಕಿದ್ರ ಛಲೋರಿ," ಎಂದ ಮಯೂರ.

ರೆಬೆಕ್ಕಾಬಾಯಿ ಚಹಾದ ತಟ್ಟೆ ಅಲ್ಲೇ ಇಟ್ಟು ಒಳಗೆ ಹೋದರು.

ಆಮೇಲೆ ಫೋನ್ ಮಾಡಿ ಯಾಕೋಬರೊಬ್ಬರಿಗೇ ನಿಜ ತಿಳಿಸಿಬಿಡೋಣ ಎಂದು ಬೀದರ ಮುಟ್ಟುವವರೆಗೆ ಯೋಚಿಸಿದ. ಆದರೆ ಇಬ್ಬರು ಮುದುಕರೂ ದಿನಾ ಸಂಜೆ ಫೋನಿನಲ್ಲಿ ಮಾತಾಡುವವರು. ಯಾಕೋಬರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಫೋನ್ ಕೈಗೆತ್ತಿಕೊಂಡ, ಇಟ್ಟ. ಮರುದಿನ ಮತ್ತೆ ಎತ್ತಿಕೊಂಡ, ಇಟ್ಟ.

ಮುಂದಿನ ವಾರ ರಾಯರು ಫೋನಿನಲ್ಲಿ ಮಾತು ಮುಗಿಸಿ ಪಡಸಾಲೆಗೆ ಬಂದರು. ಮುಖ ಅರಳಿತ್ತು. "ಮಾಸ್ತರರ ಗಾಡೀನೂ ಹೋತಂತ. ನಿನ್ನೆ ರೆಬೆಕ್ಕಾಬಾಯಿನ ಬಸ್ಸಿನ್ಯಾಗೇ ಔರಾದಕ್ಕ ಕರಕೊಂಡು ಹೋಗಿದ್ರಂತ. ಭಾರಿ ಕುಂಟತಾಳಂತ, ಪಾಪ. ಆದ್ರ ನೋಡ್ರಿ ಅಳಿಯಂದ್ರ, ನಿಮ್ಮ ಒಂದು ಮಾತಿಗೆ ಎರಡು ಗಾಡೀ ಹೊಗಿ ಬಂದ್ ಆತು. ಹೌದಲ್ರಿ?"

ಮಯೂರ ತಲೆಯಾಡಿಸಿದ.

ರಾಯರು ಬಾಗಿಲ ಚೌಕಟ್ಟು ಹಿಡಿದು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. "ಏನ್ರಿ, ಇದ್ದೀರೋ ಇಲ್ಲೋ?"

"ಹೌದ್ರಿ ಮಾವಾ," ಎಂದು ಅವನು ಬಾಯಿಬಿಟ್ಟು ಹೇಳಿದ.

ಯಾಕೋಬರ ಗಾಡಿಯನ್ನು ಉಳಿಸಿಕೊಳ್ಳುವುದೇ ಸರಿಯಾಗಿತ್ತು ಎಂದು ಮಯೂರ ಯಾರಿಗೂ ಹೇಳಲಿಲ್ಲ. ನಿಮ್ಮ ಗಾಡಿ ಬಿಡಿಸಿದ್ದು ಹೊಗೆಗಲ್ಲ, ನಿಮಗೆ ಕಣ್ಣು ಕಾಣದ್ದಕ್ಕೆ ಎಂದು ಮಾವನಿಗೂ ಅವನು ಎಂದೂ ಹೇಳಲಿಲ್ಲ.